ಬೆಟ್ಟಸ್ವಾಮಿ ಸೈಡು ಕೊಟ್ಟ ದಿನ

ನಮ್ಮ ಊರಿನ ಲಾರಿ ಡ್ರೈವರುಗಳಷ್ಟು ಮರ್ಯಾದಸ್ಥರು ಈ ಭೂಮಂಡಲದಲ್ಲಿ ಇನ್ನೆಲ್ಲೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಾನೂ ಅವರಲ್ಲಿ ಒಬ್ಬ, ಹೇಳುವಾಗ ಸ್ವಲ್ಪ ನಾಚಿಕೆಯೇ ಆಗುತ್ತದೆ. ಊರಿನಿಂದ ಕಲ್ಲುಗಣಿಗೆ ಹೋಗುವುದು ಒಂದೇ ರಸ್ತೆ. ಎರಡು ಲಾರಿ ಎದುರಾದರೆ ಕನ್ನಡಿಗೆ ಕನ್ನಡಿ ತಾಗದ ಹಾಗೆ ದಾಟುವಷ್ಟು ಅಗಲ, ನಡುವೆ ಬಿಳಿ ಗೆರೆ, ಎರಡು ಪಕ್ಕಕ್ಕೂ ಕೆಂಪು ಮಣ್ಣಿನ ಅಂಚು, ಅಂಚಿನಾಚೆ ಹಳ್ಳ. ಆ ರಸ್ತೆಯಲ್ಲಿ ಯಾರು ಟಾರು ಬಿಟ್ಟು ಮಣ್ಣಿಗಿಳಿದು ಎದುರಿನವನಿಗೆ ದಾರಿ ಬಿಡುತ್ತಾರೋ ಅವರಿಗೆ ರಸ್ತೆ ಗಿಡ್ಡವಾಗುತ್ತಿತ್ತು. ಯಾರು ಹಾಗೆ ಬಿಟ್ಟ ದಾರಿಯಲ್ಲಿ ಮುಂದೆ ಹೋಗುತ್ತಾರೋ ಅವರಿಗೆ ಉದ್ದವಾಗುತ್ತಿತ್ತು. ಒಂದು ಸಲ ಗಿಡ್ಡವಾದದ್ದು ಗಿಡ್ಡ, ಉದ್ದವಾದದ್ದು ಉದ್ದ. ಮೈಲಿಗಲ್ಲು ನೆಟ್ಟ ಇಲಾಖೆಯವರು, ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಕಲ್ಲು ಸಿಗುತ್ತದೆಂಬ ದೂರು ಕೇಳಿ ಕೇಳಿ ಸಾಕಾಗಿ, ಕಲ್ಲುಗಳನ್ನೆಲ್ಲ ಕಿತ್ತು ತಮ್ಮ ಆಫೀಸಿನ ಮುಂದೆ ಬಂದವರು ಕೂರಲಿ ಅಂತ ಹಾಕಿಕೊಂಡರು.

ಹೀಗಾಗಿ ಎದುರಿಗೆ ಲಾರಿ ಕಂಡರೆ ಸಾಕು, ನಾವು ಇಂಡಿಕೇಟರ್ ಹಾಕಿ, ಕಿಟಕಿಯಿಂದ ಕೈ ಚಾಚಿ, "ನೀವು ಹೋಗಿ, ನೀವು ಹೋಗಿ" ಅನ್ನುತ್ತ ಮಣ್ಣಿಗಿಳಿಯುತ್ತಿದ್ದೆವು. ಎದುರಿನವನೂ ನಮ್ಮಂಥ ಮರ್ಯಾದಸ್ಥನೇ ಆದ್ದರಿಂದ ಅವನೂ ಇಳಿಯುತ್ತಿದ್ದ. ಇಬ್ಬರೂ ಇಳಿದರೆ ರಸ್ತೆ ಮಿಸುಕಾಡುತ್ತಿರಲಿಲ್ಲ, ಯಾರಿಗೂ ಗಿಡ್ಡವಿಲ್ಲ, ಯಾರಿಗೂ ಉದ್ದವಿಲ್ಲ. ಎಡಕ್ಕೊಬ್ಬ ಬಲಕ್ಕೊಬ್ಬ ಸೊಟ್ಟಗೆ ವಾಲಿಕೊಂಡು ತೆವಳುತ್ತಿದ್ದರೆ ನಡುವೆ ಟಾರು ಗುಡಿಸಿಟ್ಟ ಜಗಲಿಯ ಹಾಗೆ ಖಾಲಿ ಬಿದ್ದಿರುತ್ತಿತ್ತು. ನಮ್ಮ ರಸ್ತೆಯಲ್ಲಿ ಮುಖಾಮುಖಿ ಡಿಕ್ಕಿ ಹೊಡೆದು ಸತ್ತವರು ಒಬ್ಬರೂ ಇಲ್ಲ. ಆದರೆ ಪ್ರತಿ ಮಳೆಗಾಲ ಮೂರೋ ನಾಲ್ಕೋ ಲಾರಿಗಳು ಮರ್ಯಾದೆ ಅತಿಯಾಗಿ ಹಳ್ಳಕ್ಕೆ ಮಗುಚಿಕೊಳ್ಳುತ್ತಿದ್ದವು. ಮಗುಚಿಕೊಂಡವನು ಕಾಲು ಮುರಿದುಕೊಂಡು ಮಲಗಿದ್ದರೂ, "ಪರವಾಗಿಲ್ಲ, ನೀವು ಹೋಗಿ" ಅನ್ನುವುದನ್ನು ಬಿಡುತ್ತಿರಲಿಲ್ಲ. ಲಾರಿ ಮಾಲೀಕರ ಸಂಘದ ಅಧ್ಯಕ್ಷರಾದ ಗುರುಮಲ್ಲಪ್ಪನವರು ವರ್ಷಕ್ಕೊಬ್ಬ ಡ್ರೈವರನ್ನು ಕರೆದು, ಶಾಲು ಹೊದಿಸಿ, ಸೌಜನ್ಯದ ಫಲಕ ಕೊಡುತ್ತಾರೆ. ನನಗೆ ಮೂರು ಸಲ ಕೊಟ್ಟಿದ್ದಾರೆ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಆ ಎಡವಟ್ಟ ನಮ್ಮ ಬೆಟ್ಟಸ್ವಾಮಿ. ನಮ್ಮ ಬೀದಿಯವನೇ, ನನಗಿಂತ ಹದಿನೈದು ವರ್ಷ ದೊಡ್ಡವನು, ನಾನು ಅಣ್ಣಾ ಅಂತಲೇ ಕರೆಯುವುದು. ಮೂವತ್ತೊಂದು ವರ್ಷದಿಂದ ಆ ರಸ್ತೆಯಲ್ಲಿ ಚಪ್ಪಡಿ ಕಲ್ಲು ಹೊತ್ತು ಓಡಾಡುತ್ತಿದ್ದ ಆತ ಒಂದು ದಿನವೂ ಚಕ್ರವನ್ನು ಮಣ್ಣಿಗೆ ಇಳಿಸಿದವನಲ್ಲ. ಹಾಗಂತ ಒರಟನೇನೂ ಅಲ್ಲ. ಎದುರಿಗೆ ಗಾಡಿ ಕಂಡರೆ ವೇಗ ತಗ್ಗಿಸುತ್ತಿದ್ದ, ಕತ್ತಲಾದರೆ ದೀಪ ತಗ್ಗಿಸುತ್ತಿದ್ದ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದ್ದ, ತನ್ನ ಅರ್ಧದಲ್ಲಿ ಬಿಳಿ ಗೆರೆಯಿಂದ ಒಂದು ಗೇಣು ಬಿಟ್ಟು ನೆಟ್ಟಗೆ ಹೋಗುತ್ತಿದ್ದ. "ಗೆರೆ ಯಾಕಪ್ಪ ಎಳ್ದವ್ರೆ? ಇದು ನನ್ನರ್ಧ, ಅದು ನಿನ್ನರ್ಧ. ನಿನ್ನರ್ಧದಲ್ಲಿ ನೀನು ಹೋಗಕ್ಕೆ ನಾನು ಬೇಡ ಅಂದ್ನಾ? ಮಣ್ಣಿಗೆ ಇಳಿ ಅಂದ್ನಾ?" ಅನ್ನುವುದು ಅವನ ವಾದ. ಎಲ್ಲರೂ ಅವರವರ ಅರ್ಧದಲ್ಲಿ ಹೋದರೆ ರಸ್ತೆ ಎಲ್ಲರಿಗೂ ಇದ್ದಷ್ಟೇ ಇರುತ್ತಿತ್ತು, ನಿಜ. ಆದರೆ ನಾವು ಇಳಿದುಬಿಡುತ್ತಿದ್ದೆವಲ್ಲ. ನಾವು ಇಳಿದ ಮೇಲೆ, ನೆಟ್ಟಗೆ ಹೋದವನೇ ದಾರಿ ಕಿತ್ತುಕೊಂಡವನಾದ. ಲಾಭಕ್ಕೆ ಮಾಡುವ ಮರ್ಯಾದೆ ಮರ್ಯಾದೆಯಲ್ಲ ಅಂತ ಒಮ್ಮೆ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದ. ಎಲ್ಲರೂ ಬಹಳ ಸೌಜನ್ಯದಿಂದ ಚಪ್ಪಾಳೆ ತಟ್ಟಿ ಕೂರಿಸಿದೆವು.

ಕೂರಿಸದೆ ಏನು ಮಾಡುವುದು? ಅವನೊಬ್ಬ ಮಣ್ಣಿಗಿಳಿಯದೆ ಇದ್ದದ್ದರಿಂದಲೇ ನಮಗೆಲ್ಲ ರಸ್ತೆ ಗಿಡ್ಡವಾಗುತ್ತಿದ್ದದ್ದು. ಬೆಳಿಗ್ಗೆ ಎದ್ದರೆ ಡ್ರೈವರುಗಳು ದೇವರಿಗೆ ಕೈ ಮುಗಿಯುವ ಮುಂಚೆ, "ಬೆಟ್ಟಣ್ಣ ಹೊರಟ್ನಾ? ಯಾವ ಕಡೆಯಿಂದ ಬತ್ತಾವ್ನೆ?" ಅಂತ ವಿಚಾರಿಸುತ್ತಿದ್ದರು. ಅವನ ಎದುರಿಗೆ ಸಿಗುವ ಹಾಗೆ ಹೊತ್ತು ನೋಡಿಕೊಂಡು ಲಾರಿ ಹೊರಡಿಸುತ್ತಿದ್ದರು. ಹದಿನೆಂಟು ವರ್ಷ ನಾನೂ ಅದನ್ನೇ ಮಾಡಿದೆ. ನನಗೆ ಕೊನೆಗೆ ಊರಿನಲ್ಲಿ ಹಚ್ಚಿದ ಬೀಡಿ ಗಣಿಯಲ್ಲಿ ಆರುತ್ತದೆ ಅನ್ನುವ ಹಾಗಾಗಿತ್ತು. ಡಬ್ಬಿಯ ಅನ್ನ ಬಿಸಿ ಇರುವಾಗಲೇ ಗಣಿ ಮುಟ್ಟಿ, ಸಂಜೆಗೆ ಮುಂಚೆ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ. ಬೆಟ್ಟಸ್ವಾಮಿಗೆ ಅದೇ ರಸ್ತೆ ಹೋಗಲು ಎರಡು ದಿನ, ಬರಲು ಎರಡು ದಿನ. ಕೊಳೆಯುವ ಸಾಮಾನು ಅವನ ಲಾರಿಗೆ ಯಾರೂ ಹಾಕುತ್ತಿರಲಿಲ್ಲ. ಒಂದು ಸಲ ಈರುಳ್ಳಿ ಹಾಕಿದ್ದರಂತೆ, ಅವು ದಾರಿಯಲ್ಲೇ ಮೊಳೆತು ಹೂ ಬಿಟ್ಟಿದ್ದವಂತೆ. ಬೇರೆಯವರ ಗಾಡಿ ಹತ್ತಿದರೂ ಅವನ ದಾರಿ ಅವನನ್ನು ಬಿಡುತ್ತಿರಲಿಲ್ಲ. ಅತ್ತೆ ಸತ್ತಾಗ ಬೇಗ ಹೋಗಬೇಕೆಂದು ಗಣಿಯ ಹತ್ತಿರ ಬಸ್ಸು ಹತ್ತಿದ, ಬಸ್ಸಿನಲ್ಲಿದ್ದ ಐವತ್ತು ಜನವೂ ಎರಡು ದಿನ ತಡವಾಗಿ ಊರು ಸೇರಿ ಅವನಿಗೆ ಶಾಪ ಹಾಕಿದರು. ಹೆಣ ಅಷ್ಟರಲ್ಲಿ ಮಣ್ಣಾಗಿತ್ತು. ಅಂದಿನಿಂದ ಕಂಡಕ್ಟರುಗಳು ಅವನನ್ನು ಕಂಡರೆ ಸೀಟಿ ಊದಿ ಬಸ್ಸು ಹೊರಡಿಸಿಬಿಡುತ್ತಾರೆ.

ಇದರಲ್ಲಿ ಬಡವಾದದ್ದು ಅವನ ಹೆಂಡತಿ ಸಾಕಮ್ಮ. ಮದುವೆಯಾಗಿ ಇಪ್ಪತ್ತೇಳು ವರ್ಷ, ಗಂಡ ಮನೆಯಲ್ಲಿದ್ದ ದಿನಗಳನ್ನು ಕೂಡಿಸಿದರೆ ನಾಲ್ಕು ವರ್ಷವೂ ಆಗಲಿಕ್ಕಿಲ್ಲ. ಮಗಳ ನಾಮಕರಣಕ್ಕೆ ಅವನು ಬಂದಾಗ ಮಗು ಬೋರಲು ಬೀಳುತ್ತಿತ್ತು. ಹಬ್ಬಕ್ಕೆ ಮಾಡಿದ ಒಬ್ಬಟ್ಟು ಮೂರನೇ ದಿನ ಹಳಸಿದ ಮೇಲೆ ಬಾಗಿಲಲ್ಲಿ ನಿಂತಿರುತ್ತಿದ್ದ. ಸಾಕಮ್ಮ ಬೈಯುತ್ತಿದ್ದಳು, ಅಳುತ್ತಿದ್ದಳು, ಕೊನೆಗೆ ಎರಡನ್ನೂ ಬಿಟ್ಟಳು. ಆಮೇಲೆ ಎರಡು ಕಣ್ಣಿಗೂ ಪೊರೆ ಬಂತು. ಅವಳಿಗೆ ಮನುಷ್ಯರು ಹೊಗೆಯೊಳಗೆ ನಿಂತ ಹಾಗೆ ಕಾಣುತ್ತಿದ್ದರು. ಕಣ್ಣಿನ ಡಾಕ್ಟರು ನಮ್ಮ ಊರಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಈ ವರ್ಷ ಬಂದರು, ಮೊದಲ ದಿನ ಆಪರೇಷನ್ ಮಾಡಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು, ಮರುದಿನ ಸಂಜೆ ನಾಲ್ಕಕ್ಕೆ ಬಿಚ್ಚಿ ಹೊರಡುತ್ತೇನೆ ಅಂದರು. ಬೆಟ್ಟಸ್ವಾಮಿ ಆಗಲೇ ಗಣಿಯಲ್ಲಿದ್ದ. ಸುದ್ದಿ ಕಳಿಸಿದ್ದಾಯಿತು.

ಮರುದಿನ ಬೆಳಿಗ್ಗೆ ನಾನು ಸಾಕಮ್ಮನಿಗೆ ಇಡ್ಲಿ ಕೊಡಲು ಆಸ್ಪತ್ರೆಗೆ ಹೋದೆ. ನನ್ನ ಹೆಂಡತಿ ಚೆಲುವಿ ಹಿಂದಿನ ದಿನದಿಂದಲೂ ಅಲ್ಲೇ ಇದ್ದಳು. ಸಾಕಮ್ಮ ಪಟ್ಟಿ ಕಟ್ಟಿದ ಮುಖವನ್ನು ನನ್ನ ಧ್ವನಿ ಬಂದ ಕಡೆ ತಿರುಗಿಸಿದಳು.

"ಕೆಂಪರಾಜು, ಅವರು ಬಂದ್ರಾ?"

"ಬತ್ತಾ ಅವ್ನೆ ಬಿಡಕ್ಕ. ಸುದ್ದಿ ಮುಟ್ಟೈತೆ."

"ಸುದ್ದಿ ಮುಟ್ಟುತ್ತೆ ಕಣಪ್ಪ, ಆ ಮನುಷ್ಯ ಮುಟ್ಟಲ್ಲ." ಇಡ್ಲಿ ಡಬ್ಬಿಯನ್ನು ಕೈಯಲ್ಲಿ ತಡವಿ ಪಕ್ಕಕ್ಕಿಟ್ಟಳು. "ಹನ್ನೊಂದು ವರ್ಷ ಆಯ್ತು ಅವರ ಮುಖ ನೆಟ್ಟಗೆ ನೋಡಿ. ಪಟ್ಟಿ ಬಿಚ್ದಾಗ ಎದುರಿಗೆ ಅವರಿರ್ಬೇಕು. ನಾನು ಇನ್ನೇನೂ ಕೇಳಿಲ್ಲ. ಇವತ್ತೂ ಬರ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೊರಟೋಯ್ತೀನಿ. ಹೆಂಗೂ ಕಣ್ಣು ಕಾಣ್ತದಲ್ಲ, ಬಾಗ್ಲೂ ಕಾಣ್ತದೆ."

ಇದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಬಟ್ಟೆ ಒಗೆಯಬೇಕು ಅನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು. ಚೆಲುವಿ ನನ್ನನ್ನು ಬಾಗಿಲ ಹೊರಗೆ ಕರೆದು, "ಅಕ್ಕ ನಿಜವಾಗ್ಲೂ ಹೋಯ್ತಾರೆ ಕನ್ರೀ. ಬಟ್ಟೆ ಗಂಟು ಕಟ್ಟಿ ಮಂಚದ ಕೆಳಗೆ ಇಟ್ಕೊಂಡವ್ರೆ" ಅಂದಳು. ನಾನು ತಲೆ ಆಡಿಸಿ ಬಂದೆ. ನನ್ನ ಲಾರಿಯಲ್ಲಿ ಗಣಿಗೆ ಒಯ್ಯಬೇಕಾದ ಉಪ್ಪಿನ ಮೂಟೆಗಳಿದ್ದವು. ನಿಜ ಹೇಳಿಬಿಡುತ್ತೇನೆ: ಹೊರಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಸಾಕಮ್ಮನ ಗಂಟಲ್ಲ. ಬೆಟ್ಟಣ್ಣ ಎದುರಿಗೆ ಸಿಗುತ್ತಾನೆ, ಇವತ್ತು ರಸ್ತೆ ಇನ್ನಷ್ಟು ಗಿಡ್ಡವಾಗುತ್ತದೆ ಅನ್ನುವುದೇ ಇತ್ತು. ಅಭ್ಯಾಸ ಅಂದರೆ ಹಾಗೆ.

ಅವನು ಸಿಗುವ ಹೊತ್ತು ನೋಡಿಕೊಂಡು ಊರು ದಾಟಿ ದಿಣ್ಣೆ ಹತ್ತಿದೆ. ಮಧ್ಯಾಹ್ನ ಒಂದು ಗಂಟೆ ಇರಬಹುದು. ಆಚೆಯಿಂದ ಬೆಟ್ಟಸ್ವಾಮಿಯ ಹಸಿರು ಲಾರಿ ಬರುವುದು ಕಂಡಿತು. ನಾನು ಖುಷಿಯಿಂದ ಇಂಡಿಕೇಟರ್ ಹಾಕಿ, ಮಣ್ಣಿಗಿಳಿದು, ಕೈ ಚಾಚಿದೆ. ಆಗ ಅವನ ಲಾರಿ ನಿಧಾನವಾಯಿತು. ಎಡಗಡೆಯ ಇಂಡಿಕೇಟರ್ ಮಿಣುಕಿತು. ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ ಅವನ ಎಡ ಚಕ್ರಗಳು ಟಾರು ಬಿಟ್ಟು ಕೆಳಗಿಳಿದವು, ಕಲ್ಲಿನ ಲೋಡಿನ ಸಮೇತ ಲಾರಿ ಒಂದು ಕಡೆಗೆ ವಾಲಿ ನಿಂತಿತು. ಬೆಟ್ಟಸ್ವಾಮಿ ಕಿಟಕಿಯಿಂದ ಕೈ ಹೊರಗೆ ಹಾಕಿ, ನಮ್ಮ ಹಾಗೇ, ಆದರೆ ಅಭ್ಯಾಸವಿಲ್ಲದ ಕೈಯಿಂದ, ಹೋಗು ಹೋಗು ಅಂತ ಸನ್ನೆ ಮಾಡಿದ.

ನಾನು ಇಂಜಿನ್ ನಿಲ್ಲಿಸಿ ಇಳಿದೆ. "ಯಾಕಣ್ಣ, ಬ್ರೇಕು ಕೆಟ್ಟೋಯ್ತಾ?"

"ಬ್ರೇಕು ಚೆನ್ನಾಗೈತೆ. ನೀನು ಮೇಲೆ ಹೋಗು. ನಾನು ಸೈಡು ಕೊಟ್ಟಿವ್ನಿ."

"ನಾನೇ ಕೊಟ್ಟಿವ್ನಲ್ಲಣ್ಣ. ನೀನು ಹೋಗು. ನೀನು ಯಾವಾಗ್ಲೂ ಹೋಗೋನಲ್ವಾ?"

"ನಾಲ್ಕು ಗಂಟೆಗೆ ಪಟ್ಟಿ ಬಿಚ್ತಾರಂತೆ" ಅಂದ. "ರಾತ್ರಿ ನಿದ್ದೆ ಮಾಡ್ದೆ ಬಂದಿವ್ನಿ. ಆದ್ರೂ ನನಗೆ ಇನ್ನೂ ಒಂದೂವರೆ ದಿನದ ದಾರಿ ಅದೆ, ಕೆಂಪರಾಜು."

ನಾವಿಬ್ಬರೂ ನಿಂತಿದ್ದ ಜಾಗದಿಂದ ನನಗೆ ಊರು ಹತ್ತು ನಿಮಿಷ. ಅವನಿಗೆ ಒಂದೂವರೆ ದಿನ. ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೆ ಗೊತ್ತಿರುವುದು ಬೇರೆ, ಅದರ ಮುಖ ನೋಡುತ್ತ ನಿಲ್ಲುವುದು ಬೇರೆ. ಅವನ ಕಣ್ಣುಗಳು ಕೆಂಪಗಿದ್ದವು, ಗಡ್ಡದಲ್ಲಿ ಕಲ್ಲಿನ ಪುಡಿ ಮೆತ್ತಿಕೊಂಡಿತ್ತು.

ಅಷ್ಟರಲ್ಲಿ ನನ್ನ ಹಿಂದೆ ಇಟ್ಟಿಗೆ ಲೋಡಿನ ಅಮೀರ್ ಜಾನ್ ಬಂದ. ಅವನ ಹಿಂದೆ ಸಂಘದ ಅಧ್ಯಕ್ಷರಾದ ಗುರುಮಲ್ಲಪ್ಪನವರೇ ತಮ್ಮ ಹೊಸ ಲಾರಿಯನ್ನು ತಾವೇ ಓಡಿಸಿಕೊಂಡು ಬಂದರು. ಬಂದವರು ಬಂದ ಹಾಗೇ ನನ್ನ ಹಿಂದೆ ಮಣ್ಣಿಗಿಳಿದು ಸಾಲಾಗಿ ನಿಂತರು. ಬೆಟ್ಟಸ್ವಾಮಿಯೂ ಇಳಿದು ನಿಂತಿರುವುದು ನೋಡಿ ಅವರ ಮುಖ ಕಪ್ಪಿಟ್ಟಿತು.

"ಏನ್ ಬೆಟ್ಟಸ್ವಾಮಿ ಇದು?" ಅಂದರು ಗುರುಮಲ್ಲಪ್ಪನವರು, ಮನೆಯಲ್ಲಿ ಸಾವಾದವರ ಹತ್ತಿರ ಮಾತಾಡುವ ಧ್ವನಿಯಲ್ಲಿ. "ಮೂವತ್ತು ವರ್ಷ ಒಂದು ಶಿಸ್ತಿನಿಂದ ನಡ್ಕೊಂಡು ಬಂದವರು ನೀವು. ನಿಮ್ಮನ್ನ ನಂಬ್ಕೊಂಡು ಎಷ್ಟು ಸಂಸಾರ ನಡೀತವೆ. ಹಿಂಗೆ ಏಕಾಏಕಿ ಮಣ್ಣಿಗೆ ಇಳಿದ್ಬುಟ್ರೆ ಹೆಂಗೆ?"

"ಸ್ವಾಮಿ, ಇವತ್ತೊಂದಿನ ನೀವೆಲ್ಲ ಟಾರಿನ ಮೇಲೆ ಹೋಗಿ. ನನ್ನ ಹೆಂಡ್ರು ಕಾಯ್ತಾವ್ಳೆ."

"ಅಯ್ಯೋ, ಹೋಗ್ಬೋದಾಗಿತ್ತು. ಆದ್ರೆ ನಿಮ್ಮಂಥ ಹಿರಿಯರ ಮುಂದೆ ನಾವು ಟಾರಿನ ಮೇಲೆ ಹೋಗೋದು ಅಂದ್ರೆ ಮರ್ಯಾದೆ ಅಲ್ಲ. ಬೇಕಾದ್ರೆ ಬರೋ ವಾರ ಸಭೆ ಕರೆದು ನಿಮಗೊಂದು ಶಾಲು..."

"ಶಾಲು ಬ್ಯಾಡ" ಅಂದ ಬೆಟ್ಟಸ್ವಾಮಿ. "ನಾನು ಮರ್ಯಾದೆಗೆ ಸೈಡು ಕೊಡ್ತಾ ಇಲ್ಲ ಸ್ವಾಮಿ. ಲಾಭಕ್ಕೇ ಕೊಡ್ತಾ ಇವ್ನಿ, ನಿಮ್ಮ ಥರಾನೇ. ನಾನು ಆಡಿದ ಮಾತೆಲ್ಲ ವಾಪಸ್ ತಗೊಂಡಿವ್ನಿ. ಈಗಾದ್ರೂ ಹೋಗ್ರಪ್ಪ."

ಯಾರೂ ಕದಲಲಿಲ್ಲ. ಅವರಿಬ್ಬರ ಕೈಯೂ ಕಿಟಕಿಯಿಂದ ಹೊರಗೇ ಇತ್ತು, ನೀವು ಹೋಗಿ, ನೀವು ಹೋಗಿ ಅನ್ನುತ್ತಿತ್ತು. ಅಮೀರ್ ಜಾನ್ ಆಕಾಶ ನೋಡುತ್ತಿದ್ದ. ಮಣ್ಣಿನ ಎರಡು ಅಂಚಿನಲ್ಲಿ ನಾಲ್ಕು ಲಾರಿ, ನಡುವೆ ಖಾಲಿ ಟಾರು, ಅದರ ಮೇಲೆ ಒಂದು ಓತಿಕೇತ ಯಾರ ಅಪ್ಪಣೆಯೂ ಇಲ್ಲದೆ ದಾಟಿ ಹೋಯಿತು. ಬೆಟ್ಟಸ್ವಾಮಿ ಹೆಗಲ ಟವಲಿನಿಂದ ಮುಖ ಮುಚ್ಚಿಕೊಂಡ. ಹದಿನೆಂಟು ವರ್ಷ ನಾನು ಬಿಸಿ ಅನ್ನ ಉಂಡದ್ದು, ಸಂಜೆ ಮಕ್ಕಳ ಜೊತೆ ಕೂತದ್ದು, ಚೆಲುವಿಯ ಜೊತೆ ಜಗಳವಾಡಿ ಅಂದೇ ರಾಜಿಯಾದದ್ದು, ಅಷ್ಟೂ ಹೊತ್ತು ನನ್ನದಾಗಿರಲಿಲ್ಲ. ಪಕ್ಕದ ಮನೆಯಿಂದ, ಹೊಗೆಯಲ್ಲಿ ಕೂತ ಒಬ್ಬ ಹೆಂಗಸಿನ ಕೈಯಿಂದ ಕಿತ್ತದ್ದು. ಅದೂ ಕೈ ಮುಗಿದು, ನಗುನಗುತ್ತ ಕಿತ್ತದ್ದು. ಕೊಲೆ ಮಾಡಿದವನಿಗೂ ಇಷ್ಟು ಶಾಲು ಸಿಕ್ಕಿರಲಾರದು.

ನಾನು ಲಾರಿ ಹತ್ತಿ, ಸ್ಟೇರಿಂಗ್ ಬಲಕ್ಕೆ ಎಳೆದು, ಟಾರಿನ ಮೇಲೆ ಬಂದೆ. ಎಷ್ಟು ವರ್ಷವಾಗಿತ್ತೋ ಎಲ್ಲ ಚಕ್ರವೂ ಟಾರಿನ ಮೇಲಿದ್ದು. ಲಾರಿ ಅಲುಗಾಡುತ್ತಲೇ ಇರಲಿಲ್ಲ. ಬೆಟ್ಟಸ್ವಾಮಿಯ ಪಕ್ಕದಲ್ಲಿ ಹೋದೆ. ಅವನು ಕೈ ಎತ್ತಿದ. ಅದು ಥ್ಯಾಂಕ್ಸ್ ಹೇಳುವ ಕೈ. ನಾನು ಅವನಿಗೆ ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಕೈ ಎತ್ತಿರಲಿಲ್ಲ ಅಂತ ಆಗ ನೆನಪಾಯಿತು.

ಆದರೆ ಒಂದು ಸಲದಿಂದ ಏನಾಗುತ್ತದೆ? ಮೂವತ್ತೊಂದು ವರ್ಷದ ಉದ್ದ ಅದು. ಕನ್ನಡಿಯಲ್ಲಿ ನೋಡಿದರೆ ಉಳಿದಿಬ್ಬರೂ ಮಣ್ಣಿನಲ್ಲೇ ಗಟ್ಟಿಯಾಗಿ ನಿಂತಿದ್ದರು. ಬೆಟ್ಟಸ್ವಾಮಿ ಅವರನ್ನು ಬಿಟ್ಟು ಲಾರಿಯನ್ನು ಮುಂದೆ ತೆವಳಿಸುತ್ತಿದ್ದ. ನಾನು ರಸ್ತೆ ಪಕ್ಕದ ಒಂದು ಹುಣಸೆಮರದ ಹತ್ತಿರ ಲಾರಿ ತಿರುಗಿಸಿದೆ, ಅವನ ಬೆನ್ನ ಹಿಂದೆ ಬಂದು ಹಾರ್ನ್ ಹೊಡೆದೆ. ಅವನಿಗೆ ಅರ್ಥವಾಯಿತು. ಮಣ್ಣಿಗಿಳಿದು ಸೈಡು ಕೊಟ್ಟ. ನಾನು ಓವರ್‌ಟೇಕ್ ಮಾಡಿ ಮುಂದೆ ಹೋಗಿ, ಮತ್ತೆ ತಿರುಗಿಸಿ ಎದುರಿನಿಂದ ಬಂದೆ. ಮತ್ತೆ ಇಳಿದ. ಮತ್ತೆ ಹೋದೆ. ಹೀಗೆ ಹಿಂದಿನಿಂದ ಒಂದು ಸಲ, ಮುಂದಿನಿಂದ ಒಂದು ಸಲ. ಉಪ್ಪಿನ ಮೂಟೆಗಳು ಮೇಲೆ ಕುಣಿಯುತ್ತಿದ್ದವು. ಐದೋ ಆರೋ ಸಲವಾದ ಮೇಲೆ ಎಣಿಸುವುದು ಬಿಟ್ಟೆ. ಮೊದಲು ಹತ್ತು ಮಾರು ದೂರವಿದ್ದ ಹುಣಸೆಮರ ಪ್ರತಿ ಸಲವೂ ನನಗೆ ಇನ್ನಷ್ಟು ದೂರ ಹೋಗುತ್ತಿತ್ತು. ಕೊನೆಕೊನೆಗೆ ತಿರುಗಿಸಿಕೊಂಡು ಬರಲು ಮೂರನೇ ಗೇರಿನಲ್ಲಿ ಐದು ನಿಮಿಷ ಓಡಿಸಬೇಕಾಗಿತ್ತು.

ಗುರುಮಲ್ಲಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೆಂಪರಾಜು! ನಿನಗೆ ತಲೆ ಕೆಟ್ಟದಾ? ಮೂರು ಫಲಕಾನೂ ವಾಪಸ್ ತಗೋತೀವಿ!" ಅಂತ ಕೂಗಿದರು. ಅಷ್ಟು ಗಟ್ಟಿಯಾಗಿ, ಏಕವಚನದಲ್ಲಿ, ಮರ್ಯಾದೆ ಇಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮೀರ್ ಜಾನ್ ಮಾತ್ರ ಒಂದು ಸಲ ಟಾರಿಗೆ ಬಂದ. "ಒಂದೇ ಸಲ ಬೆಟ್ಟಣ್ಣ, ಅಕ್ಕನ ಮುಖ ನೋಡಿ. ಜಾಸ್ತಿ ಕೇಳ್ಬೇಡಿ, ನಮ್ಮನೇಲೂ ಕಾಯ್ತಾರೆ" ಅನ್ನುತ್ತ, ಕಳ್ಳತನ ಮಾಡುವವನ ಹಾಗೆ ಅತ್ತಿತ್ತ ನೋಡುತ್ತ, ದಾಟಿ ಹೋದ. ಒಂದೇ ಸಲವಾದರೂ ಹೋದನಲ್ಲ. ಅವನ ಮಕ್ಕಳು ಚೆನ್ನಾಗಿರಲಿ.

ಇನ್ನು ಅವನಿಗೆ ಎಷ್ಟು ದಾರಿ ಉಳಿದಿದೆಯೋ ನನಗೆ ತಿಳಿಯುವ ಹಾಗಿರಲಿಲ್ಲ. ಕಡೆಯ ಸಲ ನಾನು ಎದುರಿನಿಂದ ಬರುವಾಗ ಬೆಟ್ಟಸ್ವಾಮಿ ಕಿಟಕಿಯಲ್ಲಿ ಎದ್ದು ನಿಂತು ಕೂಗಿದ. "ಕೆಂಪರಾಜು! ನೀರಿನ ಟ್ಯಾಂಕು ಕಾಣ್ತದೆ ಕಣ್ಲಾ! ನಮ್ಮೂರ ಟ್ಯಾಂಕು! ಇಲ್ಲೇ ಅದೆ!" ಅವನು ಕೈ ತೋರಿಸಿದ ಕಡೆ ನಾನು ನೋಡಿದೆ. ನನಗೆ ಏನೂ ಕಾಣಲಿಲ್ಲ, ರಸ್ತೆ ಮಾತ್ರ ಕಂಡಿತು. ಬೆಟ್ಟಸ್ವಾಮಿ ಮಣ್ಣಿನಿಂದ ಲಾರಿ ಎತ್ತಿಕೊಂಡು, ಇಂಡಿಕೇಟರ್ ಹಾಕಿಕೊಂಡೇ, ದಿಣ್ಣೆ ಇಳಿದು ಮರೆಯಾದ. ಆಗ ಮೂರೂಕಾಲು.

ನಾನು ಉಪ್ಪು ಹೊತ್ತು ಗಣಿಯ ಕಡೆ ತಿರುಗಿದೆ. ಬೀಡಿ ಆರುವುದರೊಳಗೆ ಮುಟ್ಟುತ್ತಿದ್ದ ಗಣಿ ಅವತ್ತು ಸಂಜೆಗೂ ಬರಲಿಲ್ಲ, ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಡಬ್ಬಿಯ ಅನ್ನ ಮುಗಿಯಿತು. ದಾರಿಯಲ್ಲಿ ಎದುರಾದ ಡ್ರೈವರುಗಳಿಗೆ ಸುದ್ದಿ ಆಗಲೇ ಮುಟ್ಟಿತ್ತು. ಎಲ್ಲರೂ ನನ್ನನ್ನು ದೂರದಿಂದಲೇ ಗುರುತಿಸಿ, ಹಲ್ಲು ಕಿರಿದು, ಗಡಿಬಿಡಿಯಿಂದ ಮಣ್ಣಿಗಿಳಿದು, "ನೀವು ಹೋಗಿ ಕೆಂಪರಾಜಣ್ಣ" ಅಂದರು. ಅಲ್ಲಿಯವರೆಗೆ ನನ್ನನ್ನು ಯಾರೂ ಅಣ್ಣಾ ಅಂದಿರಲಿಲ್ಲ. ನಾನೂ ಇಳಿಯಬಹುದಾಗಿತ್ತು. ಆದರೆ ಸೋತಿದ್ದೆ, ಅವರ ಮುಖ ನೋಡಿ ಹೇಸಿಗೆಯೂ ಆಯಿತು, ನನ್ನ ಅರ್ಧದಲ್ಲಿ ನೆಟ್ಟಗೆ ಹೋದೆ. ಹೋಗಿ, ಇಳಿಸಿ, ಖಾಲಿ ಲಾರಿ ತಿರುಗಿಸಿ ಮನೆ ಮುಟ್ಟಿದಾಗ ನಾಲ್ಕನೇ ದಿನದ ಮಧ್ಯಾಹ್ನ. ಚೆಲುವಿ ಬಾಗಿಲಲ್ಲೇ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನೀರು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಕಾದಳು.

"ಮುಟ್ಟಿದ್ನಾ?" ಅಂದೆ.

"ಮೂರೂ ಮುಕ್ಕಾಲಿಗೆ ಬಂದ್ರು" ಅಂದಳು. "ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು ಮಂಚದ ಮುಂದೆ ನಿಂತ್ಕೊಂಡ್ರು. ಮಾತಾಡ್ಲಿಲ್ಲ. ನನಗೂ ಸುಮ್ಮನಿರು ಅಂತ ಬಾಯ ಮೇಲೆ ಬೆರಳಿಟ್ರು. ನರ್ಸಮ್ಮ ಪಟ್ಟಿ ಬಿಚ್ಚಿದ್ಲು. ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟು ಅವರನ್ನೇ ನೋಡಿದ್ರು. ಮೇಲಿಂದ ಕೆಳಗೆ ನೋಡಿದ್ರು. ಆಮೇಲೆ, 'ಯಾರಪ್ಪ ನೀನು? ನಮ್ಮನೆಯವರು ಬರೋದು ಇನ್ನೂ ಎರಡು ದಿನ ಆಯ್ತದೆ' ಅಂದ್ರು."

"ಅಯ್ಯೋ. ಬೆಟ್ಟಣ್ಣ ಏನಂದ?"

"ಅವರು ಟವಲಿಂದ ಇನ್ನೊಂದು ಸಲ ಮುಖ ಒರೆಸ್ಕೊಂಡ್ರು. ನಾನೇ, 'ಅವರೇ ಕನಕ್ಕ' ಅಂದೆ. ನಂಬ್ಲಿಲ್ಲ. ಅವರ ಕೈ ಎಳ್ಕೊಂಡು, ಸ್ಟೇರಿಂಗ್ ಹಿಡಿದು ದಡ್ಡುಗಟ್ಟಿರೋ ಜಾಗ ಸವರಿ ನೋಡಿದ್ರು. ಆಮೇಲೆ ತಲೆ ಎತ್ತಿ ಇನ್ನೊಂದು ಸಲ ಮುಖ ನೋಡಿದ್ರು, ಬಾಳ ಹೊತ್ತು ನೋಡಿದ್ರು." ಚೆಲುವಿ ಖಾಲಿ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡಳು. "'ದಾರೀಲೇ ಮುದುಕರಾಗ್ಬಿಟ್ರಲ್ರೀ' ಅಂದ್ರು."